ತಂದೆ-ತಾಯಿ ಇಲ್ಲದ ಮಗುವನ್ನು ಓದಿಸುವುದು ಹೇಗೆ? ಕೊಡಗಿನ ದಾನಿಗಳಿಗೊಂದು ಸಮಗ್ರ ಮಾರ್ಗದರ್ಶಿ

ಕೊಡಗಿನವರಿಗೆ ಕೊಡುವುದು ಹೊಸದೇನಲ್ಲ. 2018ರ ಆಗಸ್ಟ್‌ನಲ್ಲಿ ಗುಡ್ಡಗಳು ಕುಸಿದಾಗ ಊರಿನವರೇ ಊರಿನವರಿಗೆ ಮನೆ ಬಾಗಿಲು ತೆರೆದರು. ಹೊರಗಿನಿಂದಲೂ ಅಕ್ಕಿ, ಕಂಬಳಿ, ಬಟ್ಟೆ ಲಾರಿಗಟ್ಟಲೆ ಬಂದವು. ಆದರೆ ಮಗುವಿನ ಓದು ಒಂದು ಮಳೆಗಾಲದಲ್ಲಿ ಮುಗಿಯುವುದಿಲ್ಲ. ಒಂದನೇ ತರಗತಿಗೆ ಸೇರಿದ ಮಗು ಪಿಯುಸಿ ಮುಗಿಸಲು 12 ವರ್ಷ ಬೇಕು. ಅಷ್ಟೂ ವರ್ಷ ಪ್ರತಿ ಜೂನ್‌ನಲ್ಲಿ ಯಾರೋ ಒಬ್ಬರು ಅದರ ಬೆನ್ನಿಗೆ ಇರಬೇಕು.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಒಂದೇ ಸಲ 50 ಸಾವಿರ ಕೊಟ್ಟು ಹೋಗುವವರಿಗಿಂತ ತಿಂಗಳಿಗೆ ಸಾವಿರದಂತೆ ಆರು ವರ್ಷ ಕೊಡುವವರಿಂದ ಮಗುವಿಗೆ ಜಾಸ್ತಿ ಉಪಯೋಗ. ಇನ್ನೊಂದು, ಅಜ್ಜಿಯೋ ಚಿಕ್ಕಪ್ಪನೋ ಸೋದರಮಾವನೋ ನೋಡಿಕೊಳ್ಳಲು ಸಿದ್ಧರಿದ್ದರೆ ಮಗು ಅವರ ಮನೆಯಲ್ಲೇ ಇದ್ದು ಓದಬೇಕು. ಅನಾಥಾಶ್ರಮ ಕೊನೆಯ ದಾರಿ. ಬಾಲ ನ್ಯಾಯ ಕಾಯ್ದೆ 2015 ಹೇಳುವುದೂ ಇದನ್ನೇ: ಮಗುವನ್ನು ಸಂಸ್ಥೆಗೆ ಸೇರಿಸುವ ಮೊದಲು ಉಳಿದ ದಾರಿಗಳನ್ನೆಲ್ಲ ನೋಡಬೇಕು. ದುಡ್ಡಿಲ್ಲ ಎಂಬ ಒಂದೇ ಕಾರಣಕ್ಕೆ ಮಗು ಮನೆ ಬಿಡಬಾರದು ಅಲ್ವಾ? ದಾನಿಗಳ ಹಣಕ್ಕೆ ನಿಜವಾದ ಕೆಲಸ ಇರುವುದು ಇಲ್ಲೇ.

ಮೊದಲು ನಿಮ್ಮ ಲೆಕ್ಕ

ಮಗುವನ್ನು ಹುಡುಕುವ ಮೊದಲು ನಿಮ್ಮ ಕೈಲಿ ಎಷ್ಟು ವರ್ಷ ಆಗುತ್ತದೆ ಎಂದು ನೋಡಿಕೊಳ್ಳಿ. ಮೊತ್ತ ಆಮೇಲೆ. ಏಳನೇ ತರಗತಿಯ ಮಗುವಾದರೆ ಎಸ್ಎಸ್ಎಲ್‌ಸಿಗೆ ಇನ್ನು ಮೂರು ವರ್ಷ, ಪಿಯುಸಿಗೆ ಐದು. ಐದು ವರ್ಷ ಆಗುವುದಿಲ್ಲ ಅನಿಸಿದರೆ ಹತ್ತನೇ ತರಗತಿಯ ಮಗುವಿಗೆ ಒಂದೇ ವರ್ಷ ಸಹಾಯ ಮಾಡಿ. ಅದರಲ್ಲಿ ಕಡಿಮೆ ಏನೂ ಇಲ್ಲ. ಒಪ್ಪಿಕೊಂಡು ನಡುವೆ ಬಿಡುವುದು ಮಾತ್ರ ಬೇಡ.

ಬೆಳೆಗಾರರಿಗೆ ಒಂದು ಮಾತು. ಕಾಫಿ ದುಡ್ಡು ಕೈಗೆ ಬರುವುದು ಕೊಯ್ಲು ಮುಗಿದು, ಒಣಗಿಸಿ, ಮಾರಿದ ಮೇಲೆ. ಶಾಲೆಯ ಖರ್ಚು ಬರುವುದು ಮೇ ಕೊನೆ, ಜೂನ್ ಹೊತ್ತಿಗೆ. ಆ ಹೊತ್ತಿಗೆ ಗೊಬ್ಬರ, ಕೆಲಸದವರ ಕೂಲಿ ಎಂದು ನಿಮ್ಮ ಕೈಯೂ ಬಿಗಿಯಾಗಿರುತ್ತದೆ. ಅದಕ್ಕೇ ಕಾಫಿ ಮಾರಿದ ವಾರದಲ್ಲೇ ಮಗುವಿನ ಒಂದು ವರ್ಷದ ಪಾಲನ್ನು ಬೇರೆ ಖಾತೆಗೆ ಹಾಕಿಬಿಡಿ. ಸಂಬಳದವರಾದರೆ ತಿಂಗಳ ಆರ್‌ಡಿ ಸಾಕು.

ಒಬ್ಬರಿಂದ ಆಗದಿದ್ದರೆ ಗುಂಪು ಮಾಡಿ. ಹತ್ತು ಜನ ತಿಂಗಳಿಗೆ 300 ರೂಪಾಯಿ ಹಾಕಿದರೆ ವರ್ಷಕ್ಕೆ 36,000 ಆಗುತ್ತದೆ. ಸರ್ಕಾರಿ ಶಾಲೆಯ ಒಂದು ಮಗುವಿಗೆ ಅದು ಧಾರಾಳ, ಎರಡು ಮಕ್ಕಳಿಗೂ ಸಾಲಬಹುದು. 1997ರಲ್ಲಿ ಕರಡದಲ್ಲಿ ಶುರುವಾದ ಕೊಡವ ಕೌಟುಂಬಿಕ ಹಾಕಿ ಹಬ್ಬವನ್ನು ಒಂದೊಂದು ಒಕ್ಕ (ಕೊಡವ ಮನೆತನ) ಹೊಣೆ ಹೊತ್ತು ನಡೆಸಿಕೊಂಡು ಬಂದಿರುವ ಊರು ಇದು. ಸೇರಿ ದುಡ್ಡು ಎತ್ತುವುದು, ಲೆಕ್ಕ ಇಡುವುದು ನಮಗೆ ಯಾರೂ ಕಲಿಸಬೇಕಿಲ್ಲ. ಒಕ್ಕ, ಸಮಾಜ, ಮಹಿಳಾ ಸಂಘ, ದೇವಸ್ಥಾನ ಸಮಿತಿ, ಹಳೆ ವಿದ್ಯಾರ್ಥಿಗಳ ವಾಟ್ಸಾಪ್ ಗುಂಪು, ಯಾವುದಾದರೂ ಆಗುತ್ತದೆ. ಲೆಕ್ಕಕ್ಕೆ ಒಬ್ಬರು, ಮಗುವಿನ ಮನೆಯವರ ಜೊತೆ ಮಾತಿಗೆ ಒಬ್ಬರು ಇದ್ದರೆ ಸಾಕು. ಹತ್ತೂ ಜನ ಫೋನ್ ಮಾಡಲು ಶುರು ಮಾಡಿದರೆ ಆ ಮನೆಗೆ ಅದೇ ಒಂದು ಹೊರೆ.

ಮಗುವನ್ನು ಹುಡುಕುವುದು

ಮಡಿಕೇರಿಯಲ್ಲಿರುವ ಜಿಲ್ಲಾ ಮಕ್ಕಳ ರಕ್ಷಣಾ ಘಟಕದಿಂದ ಶುರು ಮಾಡಿ. ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯ ಕೆಳಗೆ ಬರುವ ಕಚೇರಿ ಇದು. ನೆರವು ಬೇಕಾದ ಮಕ್ಕಳ ಮಾಹಿತಿ ಇಲ್ಲಿರುತ್ತದೆ. ಮಕ್ಕಳ ರಕ್ಷಣೆಗಾಗಿ ಕೇಂದ್ರ ಸರ್ಕಾರ ತಂದ ಮಿಷನ್ ವಾತ್ಸಲ್ಯ ಯೋಜನೆಯಲ್ಲಿ ಸರ್ಕಾರದ ಪ್ರಾಯೋಜಕತ್ವದ ಜೊತೆಗೆ ಖಾಸಗಿ ಪ್ರಾಯೋಜಕತ್ವಕ್ಕೂ ಜಾಗ ಇದೆ. ಅಂದರೆ ನೀವು ಈ ಕಚೇರಿಯ ಮೂಲಕವೇ ಒಂದು ಮಗುವಿನ ಖರ್ಚು ವಹಿಸಿಕೊಳ್ಳಬಹುದು. ಇದಕ್ಕೆ ಸ್ವಲ್ಪ ಓಡಾಟ ಬೇಕು. ಆದರೆ ಮಗುವಿನ ಹಿನ್ನೆಲೆ ಪರಿಶೀಲನೆ ಆಗಿರುತ್ತದೆ, ಮುಂದೆ ಯಾರೂ ಬೆರಳು ತೋರಿಸುವ ಹಾಗಿರುವುದಿಲ್ಲ.

ಕಚೇರಿಯ ಪಟ್ಟಿಗೆ ಬಾರದ ಮಕ್ಕಳೂ ಇರುತ್ತಾರೆ. ತೋಟದ ಕಾರ್ಮಿಕರ ಲೈನ್ ಮನೆಗಳಲ್ಲಿ, ಬುಡಕಟ್ಟು ಜನರ ಹಾಡಿಗಳಲ್ಲಿ, ಅಸ್ಸಾಂ ಕಡೆಯಿಂದ ಕೆಲಸಕ್ಕೆ ಬಂದ ಕುಟುಂಬಗಳಲ್ಲಿ. ಇವರ ಬಗ್ಗೆ ಚೆನ್ನಾಗಿ ಗೊತ್ತಿರುವುದು ಸರ್ಕಾರಿ ಶಾಲೆಯ ಮುಖ್ಯ ಶಿಕ್ಷಕರಿಗೆ, ಆಶಾ ಕಾರ್ಯಕರ್ತೆಗೆ, ಅಂಗನವಾಡಿ ಟೀಚರ್‌ಗೆ, ತೋಟದ ರೈಟರ್‌ಗೆ. "ತಂದೆ-ತಾಯಿ ಇಲ್ಲದೆ, ಶಾಲೆ ಬಿಡುವ ಹಂತದಲ್ಲಿರುವವರು ಯಾರಾದರೂ ಇದ್ದಾರಾ?" ಎಂದು ನೇರವಾಗಿ ಕೇಳಿ. ನೋಡಿಕೊಳ್ಳುವವರೇ ಇಲ್ಲದ ಮಗು ಕಣ್ಣಿಗೆ ಬಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ. ಅಂಥ ಮಗುವಿನ ಬಗ್ಗೆ 24 ಗಂಟೆಯೊಳಗೆ ತಿಳಿಸಬೇಕು ಎಂದು ಬಾಲ ನ್ಯಾಯ ಕಾಯ್ದೆ ಹೇಳುತ್ತದೆ. ಆ ಮಗು ಎಲ್ಲಿರಬೇಕು ಎಂದು ತೀರ್ಮಾನಿಸುವುದು ಮಕ್ಕಳ ಕಲ್ಯಾಣ ಸಮಿತಿ. ನೀವಲ್ಲ, ಊರ ಹಿರಿಯರೂ ಅಲ್ಲ.

"ನಮ್ಮ ಮನೆಯಲ್ಲೇ ಇರಲಿ, ಓದಿಸುತ್ತೇವೆ" ಎಂದು ಹತ್ತು-ಹನ್ನೆರಡು ವರ್ಷದ ಹುಡುಗಿಯನ್ನು ಕರೆತಂದು ಪಾತ್ರೆ ತೊಳೆಸುವುದನ್ನು ದಾನ ಎಂದು ಕರೆಯಬೇಡಿ. 14 ವರ್ಷದೊಳಗಿನ ಮಕ್ಕಳನ್ನು ಯಾವುದೇ ಕೆಲಸಕ್ಕೆ ಇಟ್ಟುಕೊಳ್ಳುವುದು ಅಪರಾಧ. ಹೋಂಸ್ಟೇ ಕೆಲಸವೂ ಅದರಲ್ಲಿ ಸೇರಿತು. ದತ್ತು ಬೇಕೆಂದರೆ ಅದಕ್ಕೆ ಕಾನೂನಿನ ಬೇರೆಯೇ ದಾರಿ ಇದೆ.

90 ಪರ್ಸೆಂಟ್ ತೆಗೆದವರಿಗೆ ಮಾತ್ರ ಕೊಡುತ್ತೇನೆ ಎಂಬ ಷರತ್ತು ದಯವಿಟ್ಟು ಬೇಡ. ಅಪ್ಪ-ಅಮ್ಮ ಹೋದ ವರ್ಷ ಯಾವ ಮಗು ತಾನೇ ಚೆನ್ನಾಗಿ ಬರೆಯುತ್ತದೆ? ಜಸ್ಟ್ ಪಾಸಾಗಿ ಹಿಂದಿನ ಬೆಂಚಿನಲ್ಲಿ ಕೂತ ಹುಡುಗನೇ ಮೊದಲು ಶಾಲೆ ಬಿಡುವುದು. ನಿಮ್ಮ ಹಣ ಜಾಸ್ತಿ ಬೇಕಾಗಿರುವುದು ಅವನಿಗೆ.

ಕಾಗದಪತ್ರ ಸರಿ ಮಾಡಿಸುವುದು

ಹಣಕ್ಕಿಂತ ಮೊದಲು ಮಾಡಬೇಕಾದ ಕೆಲಸ ಇದು. ಬಹಳ ದಾನಿಗಳು ಬಿಟ್ಟುಬಿಡುವುದೂ ಇದನ್ನೇ.

ಸುಂಟಿಕೊಪ್ಪ ಕಡೆಯ ಒಂದು ಲೈನ್ ಮನೆಯಲ್ಲಿ ಅಜ್ಜಿಯೊಬ್ಬರು ಮೊಮ್ಮಗಳ ಪುಸ್ತಕಗಳನ್ನು ಗೊಬ್ಬರ ಚೀಲದ ಒಳಗಿನ ಪ್ಲಾಸ್ಟಿಕ್‌ನಲ್ಲಿ ಸುತ್ತಿ ಒಲೆಯ ಮೇಲಿನ ಅಟ್ಟದಲ್ಲಿ ಇಟ್ಟಿದ್ದರು. ಮಳೆಗಾಲದಲ್ಲಿ ಬೂಷ್ಟು ಹಿಡಿಯದ ಜಾಗ ಆ ಮನೆಯಲ್ಲಿ ಅದೊಂದೇ. ಅದೇ ಕಟ್ಟಿನಿಂದ ಮಗಳ ಮರಣ ಪ್ರಮಾಣಪತ್ರದ ಜೆರಾಕ್ಸ್ ತೆಗೆದು ತೋರಿಸಿದರು. ಅಳಿಯನದು ಮಾಡಿಸಿಯೇ ಇರಲಿಲ್ಲ. ಆ ಒಂದು ಕಾಗದ ಇಲ್ಲದ್ದಕ್ಕೆ ಮೊಮ್ಮಗಳ ಹೆಸರಿನಲ್ಲಿ ಒಂದು ಅರ್ಜಿಯೂ ಮುಂದೆ ಹೋಗಿರಲಿಲ್ಲ.

ಬೇಕಾಗುವುದು ಇಷ್ಟು: ಮಗುವಿನ ಜನನ ಪ್ರಮಾಣಪತ್ರ, ತಂದೆ-ತಾಯಿ ಇಬ್ಬರ ಮರಣ ಪ್ರಮಾಣಪತ್ರ, ಮಗುವಿನ ಮತ್ತು ಪೋಷಕರ (ಈಗ ಮಗುವನ್ನು ನೋಡಿಕೊಳ್ಳುತ್ತಿರುವವರ) ಆಧಾರ್, ರೇಷನ್ ಕಾರ್ಡ್, ನಾಡಕಚೇರಿಯ ಜಾತಿ-ಆದಾಯ ಪ್ರಮಾಣಪತ್ರ, ಶಾಲೆಯ ವ್ಯಾಸಂಗ ಪ್ರಮಾಣಪತ್ರ, ಮಗುವಿನ ಹೆಸರಿನ ಬ್ಯಾಂಕ್ ಖಾತೆ. ಮರಣವನ್ನು 21 ದಿನದೊಳಗೆ ನೋಂದಾಯಿಸಿದರೆ ಶುಲ್ಕ ಇಲ್ಲ. ಒಂದು ವರ್ಷ ದಾಟಿದರೆ ಮ್ಯಾಜಿಸ್ಟ್ರೇಟ್ ಆದೇಶ ಬೇಕು. ದಿನಗೂಲಿ ಬಿಟ್ಟು ಅಜ್ಜಿ ಒಬ್ಬರೇ ಇಷ್ಟು ಕಚೇರಿ ಅಲೆಯುವುದು ಹೇಗೆ? ಕಾರಿನಲ್ಲಿ ಕರೆದುಕೊಂಡು ಹೋಗಿ, ಅರ್ಜಿ ಬರೆದುಕೊಡಿ, ಆ ದಿನದ ಕೂಲಿ ತುಂಬಿಕೊಡಿ. ಚೆಕ್ ಬರೆಯುವುದಕ್ಕಿಂತ ಇದು ದೊಡ್ಡ ಸಹಾಯ.

ಹೆಸರಿನ ಅಕ್ಷರ ನೋಡಿ. ಆಧಾರ್‌ನಲ್ಲಿ ಒಂದು, ಶಾಲೆಯಲ್ಲಿ ಇನ್ನೊಂದು, ಬ್ಯಾಂಕಿನಲ್ಲಿ ಮತ್ತೊಂದು ಇದ್ದರೆ ವಿದ್ಯಾರ್ಥಿವೇತನ ಅಲ್ಲೇ ನಿಲ್ಲುತ್ತದೆ. ಎಸ್ಎಸ್ಎಲ್‌ಸಿ ಅಂಕಪಟ್ಟಿ ಬರುವ ಮೊದಲೇ ಸರಿ ಮಾಡಿಸಿ. ಶಾಲೆಯಲ್ಲಿ ಮಗುವಿನ ಎಸ್ಎಟಿಎಸ್ ಸಂಖ್ಯೆ (ಶಿಕ್ಷಣ ಇಲಾಖೆಯ ದಾಖಲೆಯಲ್ಲಿ ವಿದ್ಯಾರ್ಥಿಯ ಗುರುತಿನ ಸಂಖ್ಯೆ) ಕೇಳಿ ಬರೆದಿಟ್ಟುಕೊಳ್ಳಿ. ಕುಟುಂಬ ಇನ್ನೊಂದು ತೋಟಕ್ಕೆ ಹೋದಾಗ ಹೊಸ ಶಾಲೆಗೆ ಸೇರಿಸಲು ಅದು ಬೇಕು.

ಸರ್ಕಾರದಿಂದ ಬರಬೇಕಾದದ್ದು ಮೊದಲು ಬರಲಿ

ಮಿಷನ್ ವಾತ್ಸಲ್ಯದ ಪ್ರಾಯೋಜಕತ್ವದಲ್ಲಿ ಮಗುವಿಗೆ ತಿಂಗಳಿಗೆ 4,000 ರೂಪಾಯಿ ಇದೆ. ತಂದೆ-ತಾಯಿ ಇಲ್ಲದೆ ಸಂಬಂಧಿಕರ ಮನೆಯಲ್ಲಿರುವ ಮಗುವೂ ಇದಕ್ಕೆ ಸೇರುತ್ತದೆ. ಮನೆಯ ಆದಾಯ ಹಳ್ಳಿಯಲ್ಲಿ ವರ್ಷಕ್ಕೆ 72,000, ಉಳಿದ ಕಡೆ 96,000 ರೂಪಾಯಿ ಮೀರಬಾರದು. ಅರ್ಜಿ ಕೊಡುವುದು ಮಕ್ಕಳ ರಕ್ಷಣಾ ಘಟಕದಲ್ಲೇ. ಕೋವಿಡ್‌ನಲ್ಲಿ ತಂದೆ-ತಾಯಿ ಕಳೆದುಕೊಂಡ ಮಕ್ಕಳಿಗೆ 2021ರಲ್ಲಿ ಬಂದ ಪಿಎಂ ಕೇರ್ಸ್ ಮಕ್ಕಳ ಯೋಜನೆಯಲ್ಲಿ 23 ವರ್ಷಕ್ಕೆ 10 ಲಕ್ಷ ರೂಪಾಯಿ ಸಿಗುತ್ತದೆ. ಮಗು ಅದರಲ್ಲಿ ನೋಂದಣಿ ಆಗಿದೆಯಾ ಎಂದು ಕೇಳಿ ತಿಳಿಯಿರಿ.

ಸರ್ಕಾರಿ ಶಾಲೆಯಲ್ಲಿ ಪಠ್ಯಪುಸ್ತಕ, ಸಮವಸ್ತ್ರ, ಶೂ, ಮಧ್ಯಾಹ್ನದ ಬಿಸಿಯೂಟ ಉಚಿತ. ಎಂಟನೇ ತರಗತಿಯಲ್ಲಿ ಎನ್ಎಂಎಂಎಸ್ ಎಂಬ ವಿದ್ಯಾರ್ಥಿವೇತನ ಪರೀಕ್ಷೆ ಬರೆಸಿ. ಆಯ್ಕೆಯಾದರೆ ಒಂಬತ್ತರಿಂದ ಪಿಯುಸಿವರೆಗೆ ವರ್ಷಕ್ಕೆ 12,000 ರೂಪಾಯಿ. ಐದನೇ ತರಗತಿಯಲ್ಲಿದ್ದಾಗ ಗಾಳಿಬೀಡಿನ ನವೋದಯಕ್ಕೆ, ಮೊರಾರ್ಜಿ ದೇಸಾಯಿ ವಸತಿ ಶಾಲೆಗೆ ಅರ್ಜಿ ಹಾಕಿಸಿ. ಹೆಣ್ಣು ಮಗುವಿಗೆ ಹತ್ತು ವರ್ಷ ತುಂಬುವ ಮೊದಲು ಕಾನೂನುಬದ್ಧ ಪೋಷಕರ ಮೂಲಕ ಸುಕನ್ಯಾ ಸಮೃದ್ಧಿ ಖಾತೆ ತೆರೆಸಬಹುದು. ವರ್ಷಕ್ಕೆ 250 ರೂಪಾಯಿ ಹಾಕಿದರೂ ಖಾತೆ ನಡೆಯುತ್ತದೆ. 18 ವರ್ಷ ಆದಮೇಲೆ ಓದಿಗೆಂದು ಅರ್ಧದವರೆಗೆ ತೆಗೆಯಬಹುದು.

ಉಳಿಯುವ ಖರ್ಚು ಯಾವುದು?

ಎಲ್ಲ ಉಚಿತ ಅಂದಮೇಲೆ ದಾನಿಗೇನು ಕೆಲಸ ಎಂದು ಕೇಳಬಹುದು. ಕೊಡಗಿನ ಮಳೆಯಲ್ಲಿ ನಿಂತು ನೋಡಿದರೆ ಗೊತ್ತಾಗುತ್ತದೆ.

ಜೂನ್‌ನಿಂದ ಆಗಸ್ಟ್‌ವರೆಗೆ ಒಗೆದ ಬಟ್ಟೆ ಒಣಗುವುದಿಲ್ಲ. ಎರಡು ಜೊತೆ ಸಮವಸ್ತ್ರ ಇಲ್ಲಿ ಸಾಲುವುದಿಲ್ಲ, ಮೂರನೆಯದು ಬೇಕು. ಒಳ್ಳೆಯ ಕೊಡೆ, ಬ್ಯಾಗ್ ಮುಚ್ಚುವಷ್ಟು ದೊಡ್ಡ ಮಳೆಕೋಟು, ಒದ್ದೆಯಾದರೂ ಹಾಕಬಹುದಾದ ಚಪ್ಪಲಿ, ಸ್ವೆಟರ್ ಬೇಕು. ಗಾಳಿಗೆ ಮರ ಬಿದ್ದು ದಿನಗಟ್ಟಲೆ ಕರೆಂಟ್ ಇರುವುದಿಲ್ಲ, ಓದಲು ಚಾರ್ಜ್ ಆಗುವ ದೀಪ ಬೇಕು. ಇದೆಲ್ಲ ಸೇರಿದರೂ ಕೆಲವೇ ಸಾವಿರ. ಆದರೆ ಒದ್ದೆ ಬಟ್ಟೆಯಲ್ಲಿ ನಡುಗುತ್ತಾ ಕೂರುವ ಮಗು ಜುಲೈ ಪೂರ್ತಿ ಜ್ವರದಲ್ಲಿ ಮಲಗುತ್ತದೆ. ಹಾಜರಾತಿ ಹೋಗುವುದು ಹೀಗೆ.

ದೊಡ್ಡ ಖರ್ಚು ಓಡಾಟದ್ದು. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣು ಮಕ್ಕಳಿಗೆ ಸರ್ಕಾರಿ ಬಸ್ ಉಚಿತ. ಆದರೆ ನಮ್ಮ ಒಳರಸ್ತೆಗಳಲ್ಲಿ ಓಡುವುದು ಬಹುಪಾಲು ಖಾಸಗಿ ಬಸ್. ಅಲ್ಲಿ ಶಕ್ತಿಯೂ ನಡೆಯುವುದಿಲ್ಲ, ಸರ್ಕಾರಿ ಪಾಸೂ ನಡೆಯುವುದಿಲ್ಲ. ಸಿದ್ದಾಪುರ, ವಿರಾಜಪೇಟೆ ಕಡೆಯ ತೋಟಗಳಲ್ಲಿ ಆನೆ ಕಾಟ ಬೇರೆ. ಬೆಳಗಿನ ಮಂಜಿನಲ್ಲಿ ತೋಟದ ದಾರಿಯಲ್ಲಿ ಒಬ್ಬಳೇ ನಡೆದು ಹೋಗು ಎಂದು ಯಾವ ಅಜ್ಜಿ ಕಳಿಸುತ್ತಾಳೆ? ನಾಲ್ಕೈದು ಮಕ್ಕಳಿಗೆ ಸೇರಿ ಒಂದು ಆಟೋ ಅಥವಾ ಜೀಪ್ ಗೊತ್ತು ಮಾಡಿ ತಿಂಗಳ ಬಾಡಿಗೆ ನೀವು ಕೊಟ್ಟರೆ ಅದು ಪೂರ್ತಿ ಓದಿನ ಖರ್ಚೇ. ನನ್ನನ್ನು ಕೇಳಿದರೆ ಫೀಸಿಗಿಂತ ಮೊದಲು ಇದಕ್ಕೆ ಕೊಡಿ.

ಪೋಷಕರಿಗೆ ಬಿಪಿ, ಶುಗರ್ ಇದ್ದರೆ ಆ ಔಷಧಿಗೂ ಸ್ವಲ್ಪ ತೆಗೆದಿಡಿ. ಅಜ್ಜಿ ಮಲಗಿದ ದಿನ ಮೊಮ್ಮಗಳೂ ಶಾಲೆಗೆ ಹೋಗುವುದಿಲ್ಲ.

ಇಂಗ್ಲಿಷ್ ಮೀಡಿಯಂ ಖಾಸಗಿ ಶಾಲೆಗೆ ಸೇರಿಸಬೇಕಾ? ಹತ್ತನೇ ತರಗತಿವರೆಗೆ ಫೀಸು, ವ್ಯಾನು ಎರಡನ್ನೂ ಕಟ್ಟುವ ಧೈರ್ಯ ಇದ್ದರೆ, ಮಗುವಿಗೂ ಇಷ್ಟ ಇದ್ದರೆ ಸೇರಿಸಿ. ಎರಡು ವರ್ಷ ಕಟ್ಟಿ ಕೈ ಎತ್ತಿದರೆ ಮಗು ಎರಡೂ ಕಡೆ ಸಲ್ಲದಂತಾಗುತ್ತದೆ. ಹತ್ತಿರದ ಸರ್ಕಾರಿ ಶಾಲೆ ಚೆನ್ನಾಗಿದ್ದರೆ ಅಲ್ಲೇ ಬಿಟ್ಟು, ಗಣಿತ ಮತ್ತು ಇಂಗ್ಲಿಷ್‌ಗೆ ಟ್ಯೂಷನ್ ಕೊಡಿಸುವುದು ಎಷ್ಟೋ ಮೇಲು.

ಸಂಸ್ಥೆಯ ಮೂಲಕ ಕೊಡುವುದಾದರೆ

ನೋಡಿಕೊಳ್ಳುವ ಬಂಧುಗಳೇ ಇಲ್ಲದ ಮಕ್ಕಳು ಬಾಲಮಂದಿರಗಳಲ್ಲಿ, ಟ್ರಸ್ಟ್‌ಗಳು ನಡೆಸುವ ಆಶ್ರಮಗಳಲ್ಲಿ ಇರುತ್ತಾರೆ. ಅಲ್ಲಿಗೆ ಕೊಡುವ ಮೊದಲು ಕೇಳಬೇಕಾದ ಮೊದಲ ಪ್ರಶ್ನೆ: ಬಾಲ ನ್ಯಾಯ ಕಾಯ್ದೆಯ 41ನೇ ಸೆಕ್ಷನ್ ಪ್ರಕಾರ ನೋಂದಣಿ ಆಗಿದೆಯಾ? ಟ್ರಸ್ಟ್ ನೋಂದಣಿ ಬೇರೆ, ಇದು ಬೇರೆ. ಇದಿಲ್ಲದೆ ಮಕ್ಕಳನ್ನು ಇಟ್ಟುಕೊಳ್ಳುವುದು ಜೈಲು ಶಿಕ್ಷೆಯ ಅಪರಾಧ. ಪ್ರತಿ ಮಗುವೂ ಮಕ್ಕಳ ಕಲ್ಯಾಣ ಸಮಿತಿಯ ಆದೇಶದ ಮೇಲೆ ಅಲ್ಲಿದೆಯಾ ಎಂದೂ ಕೇಳಿ. ಕೇಳಿದರೆ ತಪ್ಪು ತಿಳಿಯುತ್ತಾರೆ ಎಂಬ ಸಂಕೋಚ ಬೇಡ. ಸರಿಯಾಗಿ ನಡೆಸುವವರು ಕಾಗದ ತಾವೇ ತಂದು ತೋರಿಸುತ್ತಾರೆ.

ಹಿಂದಿನ ವರ್ಷದ ಆಡಿಟ್ ವರದಿ ನೋಡಿ. ಎಷ್ಟು ಮಕ್ಕಳು ಎಸ್ಎಸ್ಎಲ್‌ಸಿ ಬರೆದರು, ಈಗ ಎಲ್ಲಿದ್ದಾರೆ ಎಂದು ವಿಚಾರಿಸಿ. ಹೆಸರು ಕೇಳಬೇಡಿ, ಎಷ್ಟು ಜನ ಎಂದಷ್ಟೇ ಕೇಳಿ.

ಹುಟ್ಟುಹಬ್ಬಕ್ಕೆ ಬಂದು ಊಟ ಹಾಕಿಸುವವರಿಗೂ ಒಂದು ಮಾತು. ಊಟ ಹಾಕಿಸುವುದು ಒಳ್ಳೆಯದೇ. ಆದರೆ ನಿಮ್ಮ ಮಗು ಕೇಕ್ ಕತ್ತರಿಸುವುದನ್ನು ಸಾಲಾಗಿ ಕೂತು ನೋಡಬೇಕಾದ ಮಕ್ಕಳ ಮುಖ ಒಮ್ಮೆ ನೋಡಿ. ಅದೇ ದುಡ್ಡಿನಲ್ಲಿ ಒಬ್ಬ ಮಗುವಿಗೆ ಇಡೀ ವರ್ಷ ಟ್ಯೂಷನ್ ಕೊಡಿಸಬಹುದು. ಏನು ಬೇಕು ಎಂದು ಮೊದಲು ಕೇಳಿ. ಹಳೆ ಬಟ್ಟೆಯ ಮೂಟೆ ಬೇಕು ಎಂದು ಹೇಳುವವರು ಕಡಿಮೆ.

ಹಣ ಕೊಡುವ ರೀತಿ, ತೆರಿಗೆ

ಫೀಸನ್ನು ನೇರವಾಗಿ ಶಾಲೆಗೆ ಕಟ್ಟಿ, ರಸೀದಿ ಮಗುವಿನ ಹೆಸರಿನಲ್ಲಿ ಪಡೆಯಿರಿ. ಪುಸ್ತಕ, ಬಟ್ಟೆಗೆ ಪರಿಚಯದ ಅಂಗಡಿಯಲ್ಲಿ ಲೆಕ್ಕ ಇಡಿಸಿ, ಮಗುವೇ ಹೋಗಿ ಆರಿಸಿಕೊಳ್ಳಲಿ. ಬ್ಯಾಗಿನ ಬಣ್ಣ ತಾನೇ ಆರಿಸುವ ಅವಕಾಶ ಅದಕ್ಕೂ ಇರಲಿ. ಉಳಿದದ್ದು ಬ್ಯಾಂಕ್ ಖಾತೆಗೆ ಹೋಗಲಿ. ಹತ್ತು ವರ್ಷ ದಾಟಿದ ಮಕ್ಕಳು ತಮ್ಮ ಖಾತೆಯನ್ನು ತಾವೇ ನಡೆಸಲು ಬ್ಯಾಂಕುಗಳು ಅವಕಾಶ ಕೊಡಬಹುದು.

80ಜಿ ಇರುವ ಸಂಸ್ಥೆಗೆ ಕೊಟ್ಟರೆ ಸಾಮಾನ್ಯವಾಗಿ ಅರ್ಧ ಮೊತ್ತಕ್ಕೆ ತೆರಿಗೆ ವಿನಾಯಿತಿ ಸಿಗುತ್ತದೆ, ಅದೂ ಹಳೆ ತೆರಿಗೆ ಪದ್ಧತಿಯಲ್ಲಿ ಮಾತ್ರ. 2,000 ರೂಪಾಯಿಗಿಂತ ಜಾಸ್ತಿ ನಗದು ಕೊಟ್ಟರೆ ವಿನಾಯಿತಿ ಇಲ್ಲ. ಮಗುವಿನ ಮನೆಗೆ ನೇರವಾಗಿ ಕೊಟ್ಟದ್ದಕ್ಕೂ ಇಲ್ಲ. ತೆರಿಗೆ ಬೀಳುವ ಆದಾಯವೇ ಇಲ್ಲದ ಸಣ್ಣ ಬೆಳೆಗಾರರಿಗೆ 80ಜಿಯಿಂದ ಏನೂ ಆಗಬೇಕಿಲ್ಲ. ಅವರು ಸುಮ್ನೆ ಅದರ ಹಿಂದೆ ಬೀಳದೆ ಮಗುವಿಗೇ ನೇರವಾಗಿ ಕೊಡುವುದು ಸುಲಭ.

ಹೊರದೇಶದಲ್ಲಿರುವ ನಮ್ಮವರು ಗಮನಿಸಿ. ಭಾರತದ ಪಾಸ್‌ಪೋರ್ಟ್ ಇದ್ದರೆ ನಿಮ್ಮ ಉಳಿತಾಯದಿಂದ ಕೊಟ್ಟ ಹಣ ವಿದೇಶಿ ದೇಣಿಗೆ ಆಗುವುದಿಲ್ಲ. ಬೇರೆ ದೇಶದ ಪೌರತ್ವ ಪಡೆದಿದ್ದರೆ, ಒಸಿಐ ಕಾರ್ಡ್ ಇದ್ದರೂ, ಆಗುತ್ತದೆ. ಆಗ ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ) ಅನುಮತಿ ಇರುವ ಸಂಸ್ಥೆಗೇ ಕೊಡಬೇಕು.

ಮಗುವಿನ ಮಾನ

ಚೆಕ್ ಹಿಡಿದು ಫೋಟೊ ಬೇಡ. ಸಂಸ್ಥೆಯಲ್ಲಿರುವ ಅಥವಾ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಬಂದ ಮಗುವಿನ ಹೆಸರು, ಶಾಲೆ, ಫೋಟೊ ಬಹಿರಂಗ ಮಾಡುವುದನ್ನು ಬಾಲ ನ್ಯಾಯ ಕಾಯ್ದೆಯ 74ನೇ ಸೆಕ್ಷನ್ ತಡೆಯುತ್ತದೆ. ಆರು ತಿಂಗಳವರೆಗೆ ಜೈಲು ಅಥವಾ ಎರಡು ಲಕ್ಷದವರೆಗೆ ದಂಡ, ಇಲ್ಲವೇ ಎರಡೂ ಆಗಬಹುದು. ಅಜ್ಜಿ ಮನೆಯಲ್ಲಿರುವ ಮಗುವಿಗೂ ಇದೇ ಗೌರವ ಕೊಡಿ. ತರಗತಿಯಲ್ಲಿ ಎಲ್ಲರ ಎದುರು ಹೆಸರು ಕೂಗಿ ನೋಟ್‌ಬುಕ್ ಕೊಡುವುದೂ ಬೇಡ.

ಭೇಟಿ ಮಾಡಬಹುದು, ಪೋಷಕರು ಅಥವಾ ಶಿಕ್ಷಕರು ಇರುವಾಗ. ಒಬ್ಬರೇ ಹೊರಗೆ ಕರೆದುಕೊಂಡು ಹೋಗಬೇಡಿ. ಹುತ್ತರಿ ಹಬ್ಬಕ್ಕೋ ಕೈಲ್ ಪೊಳ್ದ್ ಹಬ್ಬಕ್ಕೋ ಇಡೀ ಕುಟುಂಬವನ್ನು ಊಟಕ್ಕೆ ಕರೆಯಿರಿ, ಚೆನ್ನಾಗಿರುತ್ತದೆ. ವರ್ಷಕ್ಕೆರಡು ಬಾರಿ ಕ್ಲಾಸ್ ಟೀಚರ್ ಹತ್ತಿರ ಮಾತಾಡಿ. ಅಂಕ ಕಡಿಮೆಯಾದರೆ ಗದರಬೇಡಿ, ಕಾರಣ ಕೇಳಿ.

ಎಸ್ಎಸ್ಎಲ್‌ಸಿ ನಂತರ

ಮಕ್ಕಳು ಕೈ ತಪ್ಪುವುದು ಇಲ್ಲೇ. 15-16 ವರ್ಷದ ಹುಡುಗನಿಗೆ ತೋಟದಲ್ಲಿ ದಿನಗೂಲಿ ಕಾದಿದೆ, ಹೋಂಸ್ಟೇಯಲ್ಲಿ ಕೆಲಸ ಕಾದಿದೆ. ಮನೆಯಲ್ಲಿ ಕಷ್ಟ ಇದೆ. ಫಲಿತಾಂಶ ಬಂದು ಕಾಲೇಜು ಶುರುವಾಗುವ ನಡುವಿನ ವಾರಗಳಲ್ಲಿ ಅವನ ಕೈಗೆ ಮೊದಲ ಸಂಬಳ ಬಂದುಬಿಟ್ಟರೆ ವಾಪಸ್ ಕರೆತರುವುದು ತುಂಬಾ ಕಷ್ಟ. ಅದಕ್ಕೆ ಒಂಬತ್ತನೇ ತರಗತಿಯಲ್ಲೇ ಮುಂದಿನ ಮಾತು ಶುರು ಮಾಡಿ. ನಿಮ್ಮ ಸಹಾಯವನ್ನು ಈ ಹಂತದಲ್ಲಿ ಕಡಿಮೆ ಮಾಡಬೇಡಿ, ಜಾಸ್ತಿ ಮಾಡಿ.

ಎಲ್ಲರೂ ಪಿಯುಸಿ ಸೈನ್ಸ್ ಓದಬೇಕಿಲ್ಲ. ಕುಶಾಲನಗರದಲ್ಲಿ ಸರ್ಕಾರಿ ಪಾಲಿಟೆಕ್ನಿಕ್ ಇದೆ, ಎಂಜಿನಿಯರಿಂಗ್ ಕಾಲೇಜಿದೆ. ಪೊನ್ನಂಪೇಟೆಯಲ್ಲಿ ಅರಣ್ಯ ಕಾಲೇಜು, ಮಡಿಕೇರಿಯಲ್ಲಿ ಫೀಲ್ಡ್ ಮಾರ್ಷಲ್ ಕಾರ್ಯಪ್ಪ ಕಾಲೇಜು. ಐಟಿಐಯಲ್ಲಿ ಎಲೆಕ್ಟ್ರಿಷಿಯನ್ ಕಲಿತವನಿಗೆ ಜಿಲ್ಲೆಯೊಳಗೇ ಕೆಲಸ ಸಿಗುತ್ತದೆ. ಮಗುವನ್ನು ಕರೆದುಕೊಂಡು ಹೋಗಿ ಕಾಲೇಜು ತೋರಿಸಿ, ಅಲ್ಲಿ ಓದುವವರ ಜೊತೆ ಮಾತಾಡಿಸಿ. ಸಮಾಜ ಕಲ್ಯಾಣ, ಹಿಂದುಳಿದ ವರ್ಗಗಳ ಇಲಾಖೆಯ ಹಾಸ್ಟೆಲ್‌ಗೆ ಅರ್ಜಿ ಕರೆದ ಕೂಡಲೇ ಹಾಕಿಸಿ. ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್ ಎಸ್ಎಸ್‌ಪಿಯಲ್ಲಿ ಪ್ರತಿ ವರ್ಷವೂ ಅರ್ಜಿ ಹಾಕಬೇಕು. ಒಂದು ಸಲ ಹಾಕಿದರೆ ಮುಗಿಯಿತು ಎಂದುಕೊಂಡವರಿಗೆ ಎರಡನೇ ವರ್ಷದ ಹಣ ಬರುವುದಿಲ್ಲ.

ನಿಮಗೆ ನಡುವೆ ನಿಲ್ಲಿಸಲೇಬೇಕಾದ ಪರಿಸ್ಥಿತಿ ಬಂದರೆ ಮೇ ತಿಂಗಳಲ್ಲಿ ಹೇಳಬೇಡಿ. ಹಿಂದಿನ ಡಿಸೆಂಬರ್‌ನಲ್ಲೇ ಪೋಷಕರಿಗೆ, ಶಾಲೆಗೆ ತಿಳಿಸಿ, ಇನ್ನೊಬ್ಬರನ್ನು ಹುಡುಕಿ ಕೊಟ್ಟು ಹೊರಬನ್ನಿ.

ಮಗುವಿಗೆ 17 ತುಂಬಿದ ಮೇಲೆ ಮೂರು ಕೆಲಸ ಬಾಕಿ ಇರುತ್ತವೆ. 18 ಆಗುತ್ತಿದ್ದಂತೆ ಮೈನರ್ ಖಾತೆಯನ್ನು ಸಾಮಾನ್ಯ ಖಾತೆ ಮಾಡಿಸಬೇಕು, ಇಲ್ಲದಿದ್ದರೆ ವಿದ್ಯಾರ್ಥಿವೇತನ ಬಂದು ಕೂತರೂ ತೆಗೆಯಲಾಗುವುದಿಲ್ಲ. ಪ್ರಾಯೋಜಕತ್ವದ ಹಣ 18ಕ್ಕೆ ನಿಲ್ಲುತ್ತದೆ. ಆ ತಿಂಗಳಿನಿಂದ ನಿಮ್ಮ ಪಾಲು ಎಷ್ಟು ಎಂದು ಮೊದಲೇ ಕೂತು ಮಾತಾಡಿ. ಬಾಲಮಂದಿರ ಅಥವಾ ಆಶ್ರಮದಲ್ಲಿ ಬೆಳೆದವರಿಗೆ 21 ವರ್ಷದವರೆಗೆ, ಕೆಲವು ಸಂದರ್ಭಗಳಲ್ಲಿ 23ರವರೆಗೆ, ಅನುಪಾಲನೆ ಎಂಬ ನೆರವು ಇದೆ. ಅದಕ್ಕೆ ಸಂಸ್ಥೆಯಿಂದ ಹೊರಬರುವ ಮೊದಲೇ ಮಕ್ಕಳ ರಕ್ಷಣಾ ಘಟಕದಲ್ಲಿ ಅರ್ಜಿ ಬಿದ್ದಿರಲಿ.